ಮಲಗಿದ ಚಾಕುವಿನ ವಯಸ್ಸು

ಹೊಳೆಯಂಚಿನ ಆ ಮಠದ ಮುಂದೆ ಹಾದುಹೋಗುವಾಗ ಜನ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ದೇವರ ಮೇಲಿನ ಭಕ್ತಿಗಲ್ಲ. ಗರ್ಭಗುಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ ಚಾಕುಗಳ ಹೆದರಿಕೆಗೆ.

ಅಲ್ಲೊಂದು ವಾಡಿಕೆಯಿತ್ತು. ಹಗೆ ಬಿಟ್ಟವನು ತನ್ನ ಮಡಚುಚಾಕು ತಂದು, ಮಡಚಿ, ಆ ಕೋಣೆಯ ಕಲ್ಲುಗೂಡಿನಲ್ಲಿ ಇಟ್ಟು ಹೋಗಬೇಕು. ಹಿಂಬಾಗಿಲಿಗೆ ಅಗುಳಿ ಇರಲಿಲ್ಲ. ಯಾರು ಇಟ್ಟರು, ಯಾವಾಗ ಇಟ್ಟರು, ಯಾಕೆ ಇಟ್ಟರು ಎಂದು ಯಾರೂ ಕೇಳುವಂತಿರಲಿಲ್ಲ. ಇಟ್ಟವನು ಅದನ್ನು ಮತ್ತೆ ಮುಟ್ಟುವಂತಿರಲಿಲ್ಲ.

ಮುಟ್ಟುವ ಹಕ್ಕು ಮಠದ ಅಜ್ಜರಿಗೆ, ಅಂದರೆ ಸ್ವಾಮಿಗಳಿಗೆ, ಮಾತ್ರ. ಈಗಿನವರು ಅಡಿವೆಯ್ಯಜ್ಜರು. ಮಳೆಗಾಲ ಕಳೆದ ಮೇಲೆ ಅವರು ಒಂದೊಂದೇ ಚಾಕು ತೆಗೆದು, ಅಲಗು ತಿರುಗುವ ಮೊಳೆಗೆ ಹನಿ ಎಣ್ಣೆ ಬಿಟ್ಟು, ಮತ್ತೆ ಮಲಗಿಸುತ್ತಿದ್ದರು. ಚಾಕು ಕೈಗೆ ಬಂದರೆ ಸಾಕು, ಅದರ ವಯಸ್ಸು ಹೇಳುತ್ತಿದ್ದರು. ಹಸುಗೂಸಿನ ತಿಂಗಳು ಹೇಳುವ ಸೂಲಗಿತ್ತಿಯಷ್ಟೇ ಸಲೀಸಾಗಿ.

ಅವರ ಕಣ್ಣು ಮಂಜಾಗತೊಡಗಿದ ಕಾಲಕ್ಕೆ ನಿರುಪಾದಿ ಬಂದು ಕಾಲಿಗೆ ಬಿದ್ದ.

“ಯಾಕ ಬಂದಿ, ತಮ್ಮಾ?”

“ಹಳೇ ಚಾಕುವಿನ ವಯಸ್ಸು ಹೇಳೂದು ಕಲೀಬೇಕ್ರಿ, ಅಜ್ಜಾರ.”

“ಮಂದಿ ಇಲ್ಲಿಗೆ ಮುಕ್ತಿ ಕೇಳಾಕ ಬರ್ತಾರ.”

“ನನಗ ಅದು ಬ್ಯಾಡ್ರಿ.”

ಅಜ್ಜರು ನಕ್ಕರು. “ಹಂಗಾರ ಇರು. ಬ್ಯಾಡ ಅನ್ನಾವನ್ನ ಇಟ್ಕೊಳ್ಳೂದು ಸಸಾರ.”

ನಿರುಪಾದಿ ಹೇಳದೆ ನುಂಗಿಕೊಂಡ ಮಾತು ಬೇರೆಯೇ ಇತ್ತು.

ಹೊಳೆಗೆ ಸೇತುವೆ ಕಟ್ಟಿದ ವರ್ಷ, ಅವನಿನ್ನೂ ಅಂಗಳದಲ್ಲಿ ಗೋಲಿಯಾಡುವ ವಯಸ್ಸಿನವನಿದ್ದಾಗ, ಅವನ ಅಣ್ಣ ಹಂಪಣ್ಣನನ್ನು ಹೊಲದ ಬದುವಿನ ಮೇಲೆ ಯಾರೋ ಇರಿದು ಕೊಂದಿದ್ದರು. ಹಿಂದಿನ ದಿನವಷ್ಟೇ, ಹೊಲಕ್ಕೆ ಕುರಿ ನುಗ್ಗಿದ್ದಕ್ಕೆ, ಹಂಪಣ್ಣನಿಗೂ ಕುರಿಗಾರ ದುರಗಪ್ಪನಿಗೂ ಕೈಕೈ ಮಿಲಾಯಿಸಿತ್ತು. ಪೊಲೀಸರು ಕೇಳಿದಾಗ ದುರಗಪ್ಪ ಒಂದೇ ಮಾತು ಹೇಳಿದ. “ನನ್ನ ಚಾಕು ಹ್ವಾದ ವರ್ಷನ ಮಠದಾಗ ಮಡಚಿ ಇಟ್ಟೀನ್ರಿ.”

ಆಗಿದ್ದ ಅಜ್ಜರು ವಾಡಿಕೆಯಂತೆ ಬಾಯಿ ಬಿಡಲಿಲ್ಲ. ಮಾತು ಅಲ್ಲಿಗೇ ನಿಂತಿತು. ಆ ಅಜ್ಜರೂ ತೀರಿಕೊಂಡರು.

ಅಣ್ಣ ಸಾಯುವ ಮೊದಲೇ ಆ ಚಾಕು ಗೂಡು ಸೇರಿದ್ದರೆ ದುರಗಪ್ಪ ನಿರಪರಾಧಿ. ಆಮೇಲೆ ಸೇರಿದ್ದರೆ ಕೊಂದವನು ಅವನೇ. ಹಾಗೇನಾದರೂ ಆಗಿದ್ದರೆ ಅದೇ ಚಾಕುವಿನಿಂದ ಅವನನ್ನು ಮುಗಿಸುವುದೆಂದು ನಿರುಪಾದಿ ತನ್ನ ಅವ್ವ ಸತ್ತ ದಿನ ನಿಶ್ಚಯಿಸಿದ್ದ. ಅವ್ವ ಕಣ್ಣು ಮುಚ್ಚುವವರೆಗೂ ದುರಗಪ್ಪನ ಓಣಿ ತುಳಿದಿರಲಿಲ್ಲ.

ಕಲಿಕೆ ಶುರುವಾಯಿತು.

“ಮೊಳಿ ಮುಟ್ಟಿ ನೋಡು. ಓರೆಕೋರೆ ಐತೋ, ದುಂಡಗ ಐತೋ?”

“ಓರೆಕೋರೆ ಐತ್ರಿ.”

“ಕೈಲೆ ಬಡದದ್ದು. ಹಳೇದು. ಅಲಗು?”

“ಬುಡದಾಗ ಸವದೈತ್ರಿ. ತುದಿ ಹಂಗ ಐತಿ.”

“ಕಟಗಿ ಕೆತ್ತಾವನ ಕೈಯಾಗ ಇತ್ತು. ಹಣ್ಣು ಹೆಚ್ಚಾವಂದು ತುದಿ ಸವೀತೈತಿ. ಬುಡದಾಗಿನ ಮುದ್ರಿ ಓದು.”

ಅಲಗಿನ ಬುಡದಲ್ಲಿ, ಹಿಡಿಗೆ ಸೇರುವ ಕಡೆ, ಮಾಡಿದವರ ಮುದ್ರೆ ಇರುತ್ತಿತ್ತು. ಪರದೇಶದಿಂದ ಬಂದ ಚಾಕುಗಳಲ್ಲಿ ಊರಿನ ಹೆಸರಷ್ಟೇ ಇದ್ದರೆ ಬಹಳ ಹಳೆಯದು, ದೇಶದ ಹೆಸರೂ ಇದ್ದರೆ ಆಮೇಲಿನದು. ನಿರುಪಾದಿ ಬೇಗ ಕಲಿತ. ಉದ್ದೇಶ ಇದ್ದವನಿಗೆ ವಿದ್ಯೆ ಬೇಗ ಹತ್ತುತ್ತದೆ, ಅದು ಎಂಥ ಉದ್ದೇಶವೇ ಇರಲಿ.

ಆದರೆ ಆ ಕೋಣೆಯಲ್ಲಿ ಒಬ್ಬನೇ ಕೂರುವುದು ಮಾತ್ರ ಅವನಿಗೆ ಕೊನೆವರೆಗೂ ರೂಢಿಯಾಗಲಿಲ್ಲ.

ಮಧ್ಯಾಹ್ನದ ಹೊತ್ತು, ಎಲೆಯೂ ಅಲುಗದಿರುವಾಗ, ಗೂಡಿನ ಒಳಗಿಂದ ಟಕ್ ಎಂದು ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಬಿಗಿಯಾಗಿ ಮಡಚಿದ್ದ ಚಾಕುವೊಂದು ಉಗುರಿನಷ್ಟು ಬಾಯಿ ತೆರೆದಿರುತ್ತಿತ್ತು.

“ಅಜ್ಜಾರ, ಅದು ತಾನ ಬಿಚ್ಚಿಕೊಂಡೈತ್ರಿ.”

“ಕೊಂಬಿನ ಹಿಡಿ. ಹೊಳಿ ತಂಪಿಗೆ ಉಬ್ಬತೈತಿ. ಮಡಚಿಡು.”

“ನಿನ್ನೇನೂ ಅದ ಬಿಚ್ಚಿತ್ರಿ.”

“ನಾಳೀನೂ ಬಿಚ್ಚತೈತಿ. ನಾಳೀನೂ ಮಡಚಿಡು.”

ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ಕಾಡುತ್ತಿತ್ತು. ಆ ಕೋಣೆಯಲ್ಲಿ ಯಾರೂ ಆರತಿ ಬೆಳಗುತ್ತಿರಲಿಲ್ಲ. ಆದರೂ ಅಲ್ಲಿ ಕರ್ಪೂರದ ವಾಸನೆ ತುಂಬಿರುತ್ತಿತ್ತು. ಬಂದ ಭಕ್ತರು ಹೊರಗೆ ನಿಂತೇ ಕೈಮುಗಿದು, ಒಳಗೆ ದೇವರು ಓಡಾಡುತ್ತಾನೆ ಎನ್ನುತ್ತಿದ್ದರು.

ನಿರುಪಾದಿ ಆ ವಾಸನೆಯ ಬೆನ್ನು ಹತ್ತಿದ. ಅದು ಮೂಲೆಯಲ್ಲಿ ಪ್ರತ್ಯೇಕವಾಗಿಟ್ಟ ಒಂದು ಮಣ್ಣಿನ ಕುಡಿಕೆಯಿಂದ ಬರುತ್ತಿತ್ತು. ಒಳಗೆ ಒಂದೇ ಒಂದು ಚಾಕು. ಹಿಡಿ ಆಮೆಚಿಪ್ಪಿನ ಬಣ್ಣದ್ದು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅಲಗು ಪೂರ್ತಿ ತುಕ್ಕು.

“ಅದು ಸೆಲ್ಯುಲಾಯ್ಡ್ ಹಿಡಿ, ಹಳೇ ನಮೂನಿ ಪ್ಲಾಸ್ಟಿಕ್,” ಎಂದರು ಅಜ್ಜರು. “ಕರ್ಪೂರ ಹಾಕಿ ಮಾಡ್ತಿದ್ರು. ಮುಪ್ಪಾದಂಗ ಕೊಳೀತೈತಿ, ಉಸರು ಬಿಡತೈತಿ. ಆ ಉಸರಿಗೆ ಬಾಜೂ ಇದ್ದ ಚಾಕೂನೂ ತುಕ್ಕು ಹಿಡೀತಾವ. ಅದಕ್ಕ ಬ್ಯಾರೆ ಇಟ್ಟೀನಿ.”

“ಯಾರದ್ರಿ?”

ಅಜ್ಜರು ಕುಡಿಕೆಯ ಮುಚ್ಚಳವನ್ನು ಅವನ ಕಡೆ ತಳ್ಳಿದರು. ಕೇಳಬಾರದ್ದನ್ನು ಕೇಳಿದೆನೆಂದು ನಿರುಪಾದಿ ಕಿವಿ ಹಿಡಿದುಕೊಂಡ.

ಕುಡಿಕೆಗೆ ಮತ್ತೆ ಹಾಕುವಾಗ ಅವನ ಬೆರಳಿಗೆ ಹಿಡಿಯ ಅಂಚಿನ ಎರಡು ಕಚ್ಚು ತಾಗಿದವು. ಒಂದು ನೇರ, ಒಂದು ಓರೆ. ದುರಗಪ್ಪನ ಕುರಿಗಳ ಕಿವಿಯಲ್ಲಿ ಇರುತ್ತಿದ್ದ ಗುರುತು ಅದೇ. ಊರಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಿದ್ದ.

ಸಂಜೆ ಅಜ್ಜರ ಕಾಲೊತ್ತುತ್ತ ಕೇಳಿದ.

“ಅಜ್ಜಾರ, ಆ ಕುಡಿಕಿ ಚಾಕು ಯಾವಾಗಿಂದು?”

“ಚಾಕುವಿಗೆ ಎರಡು ವಯಸ್ಸು, ತಮ್ಮಾ. ಒಂದು ಹುಟ್ಟಿದ್ದು. ಒಂದು ಮಲಗಿದ್ದು. ನೀ ಕೇಳೂದು ಯಾವುದು?”

“ಮಲಗಿದ್ದು.”

“ಅದನ್ನ ನಿನಗಿನ್ನಾ ಕಲಿಸಿಲ್ಲ. ಮಳಿ ನಿಂದರಲಿ, ಗಾಳಿ ಒಣಗಲಿ. ಇಬ್ಬರೂ ಕೂಡಿ ನೋಡೂಣು.”

ಮಳೆ ನಿಲ್ಲುವ ಸೂಚನೆಯೇ ಇರಲಿಲ್ಲ. ಮೇಲಾಗಿ ದುರಗಪ್ಪ ಪ್ರತಿ ಸೋಮವಾರ ಮಠಕ್ಕೆ ಬರುತ್ತಿದ್ದ. ಈಗ ಮುದುಕ. ಕುರಿ ಮಾರಿಯಾಗಿತ್ತು. ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತು, ಯಾರನ್ನೋ ಕಾಯುವವನಂತೆ ಹೊತ್ತು ಕಳೆದು, ಪ್ರಸಾದ ಉಂಡು ಹೋಗುತ್ತಿದ್ದ. ಅವನಿಗೆ ಅನ್ನ ಬಡಿಸುವಾಗಲೆಲ್ಲ ನಿರುಪಾದಿ ಮುಖ ನೋಡದೆ ಮುಂದಿನ ಎಲೆಗೆ ಸರಿಯುತ್ತಿದ್ದ.

ಅವನಿಗೊಂದು ದಾರಿ ಹೊಳೆಯಿತು. ಮುದ್ರೆ ಓದಿದರಾಯಿತು. ಸೇತುವೆ ಕಟ್ಟಿದ ಮೇಲೆ ಮಾಡಿದ ಚಾಕು ಅದಾಗಿದ್ದರೆ, ಅದಕ್ಕೂ ಮೊದಲೇ ಇಟ್ಟೆನೆಂದ ದುರಗಪ್ಪನ ಮಾತು ಶುದ್ಧ ಸುಳ್ಳು. ಆದರೆ ಮುದ್ರೆಯ ಮೇಲೆ ತುಕ್ಕು ಕೂತಿತ್ತು.

ತುಕ್ಕು, ಕಿಲುಬು ತೆಗೆಯುವುದು ಮಠದ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಬೆಳಗಾದರೆ ಆರತಿ ತಟ್ಟೆ, ದೀಪದ ಕಂಬಗಳನ್ನು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ಫಳಫಳ ಮಾಡುವವರು ಅವರೇ.

ಒಂದು ಸೋಮವಾರ ಬೆಳಕು ಹರಿಯುವಾಗ ನಿರುಪಾದಿ ಆ ಚಾಕುವನ್ನು ಹೊಳೆಯ ಮೆಟ್ಟಿಲಿಗೆ ಒಯ್ದ. ಬಿಚ್ಚಿದ. ತಿಕ್ಕಿದ. ಹುಣಸೆನೀರು ಕರ್ರಗಾಗಿ ಹೊಳೆಗಿಳಿಯಿತು. ಪಾತ್ರೆ ತೊಳೆಯುವಾಗ ಕಾಲಿಗೆ ಮುತ್ತುವ ಮೀನುಗಳು ಅವತ್ತು ಒಂದೂ ಸುಳಿಯಲಿಲ್ಲ.

ಮುದ್ರೆ ಕಂಡಿತು. ಊರಿನ ಹೆಸರು, ಅದರ ಕೆಳಗೆ ದೇಶದ ಹೆಸರು. ಅವನ ಅಪ್ಪನ ಅಪ್ಪ ಹುಡುಗನಾಗಿದ್ದ ಕಾಲದ ಮುದ್ರೆ. ಸೇತುವೆಗಿಂತ ಎಷ್ಟೋ ಹಿಂದಿನದು.

ಅದರಿಂದ ಏನೂ ತಿಳಿಯಲಿಲ್ಲ. ಅಷ್ಟು ಹಳೆಯ ಚಾಕುವನ್ನು ಯಾವಾಗ ಬೇಕಾದರೂ ಇಟ್ಟಿರಬಹುದು.

ಅವನು ಅಲಗನ್ನು ಮುಖದ ಮುಂದೆ ಹಿಡಿದ. ಅದರ ಅಗಲಕ್ಕೆ ಕಣ್ಣುಗಳಷ್ಟೇ ಹಿಡಿಸಿದವು. ಆ ಕಣ್ಣು ಯಾರದೆಂದು ಒಂದು ಗಳಿಗೆ ಅವನಿಗೆ ಗುರುತು ಹತ್ತಲಿಲ್ಲ. ಕೈ ಮೂಸಿದ. ಕರ್ಪೂರ. ಮರಳು ಹಾಕಿ ತೊಳೆದ, ಮತ್ತೆ ಮೂಸಿದ. ಅದೇ ಕರ್ಪೂರ.

ಚಾಕು ಬಿಚ್ಚಿ ಹಿಡಿದುಕೊಂಡೇ ಅವನು ಅಜ್ಜರ ಮುಂದೆ ಬಂದು ನಿಂತ. ಅಜ್ಜರು ಕೈಚಾಚಿ ಅಲಗಿನ ಮೇಲೆ ಹೆಬ್ಬೆರಳು ಸವರಿದರು. ಬೆರಳು ಜಾರಿತು.

“ತೊಳದಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಾವಿನ ಸುದ್ದಿ ಕೇಳಿದವರ ದನಿಯಂತಿತ್ತು.

“ಮುದ್ರಿ ಓದಬೇಕಾಗಿತ್ರಿ.”

“ಅದು ಹುಟ್ಟಿದ ವಯಸ್ಸು. ಮಲಗಿದ ವಯಸ್ಸು ತುಕ್ಕಿನಾಗಿತ್ತು. ಪದರ ಪದರ ಕೂತಿತ್ತು. ಒಣಾ ಗಾಳ್ಯಾಗ ಕೆರದು ನೋಡಿದ್ರ ಇಂಥಾ ಮಳಿಗಾಲದಾಗ ಇಟ್ಟದ್ದು ಅಂತ ಹೇಳ್ತಿತ್ತು.”

“ನೀವು ಯಾವಾಗರ ನೋಡಿದ್ರೇನ್ರಿ?”

“ಇಲ್ಲ. ಈ ವರ್ಷ ನಿನ್ನ ಕೂಡ ನೋಡಬೇಕಂತ ಇದ್ದೆ.”

ನಿರುಪಾದಿಗೆ ಅಳು ಬಂತು. ಅಣ್ಣ ಸತ್ತಾಗಲೂ ಅವ್ವ ಸತ್ತಾಗಲೂ ಬಾರದ ಅಳು. ಇಷ್ಟು ವರ್ಷ ಕಾದು, ಕಲಿತು, ಕೊನೆಗೆ ಸತ್ಯವನ್ನು ತನ್ನ ಕೈಯಾರೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಗೆ ಬಿಟ್ಟಿದ್ದ.

ಅಷ್ಟರಲ್ಲಿ ಕಟ್ಟೆಯ ಮೇಲೆ ಕೋಲು ಊರಿದ ಸದ್ದಾಯಿತು. ದುರಗಪ್ಪ ಬಂದಿದ್ದ.

“ಇಲ್ಲಿ ಬಾ, ದುರಗಪ್ಪ,” ಎಂದು ಅಜ್ಜರು ಕರೆದರು. “ಈ ಚಾಕು ನೋಡು.”

ಮುದುಕ ಬಂದು, ನಿರುಪಾದಿಯ ಕೈಯಲ್ಲಿದ್ದ ಚಾಕುವಿನ ಮೇಲೆ ಬಾಗಿದ. ಅವನ ಕತ್ತಿನ ನರ ಅಲಗಿಗೆ ಗೇಣು ದೂರದಲ್ಲಿ ಮಿಡಿಯುತ್ತಿತ್ತು.

“ಭಾಳ ಚಲೋ ಐತ್ರಿ. ಹೊಸಾದು. ಯಾರದ್ರಿ?”

“ಹಿಡಿ ಮುಟ್ಟಿ ನೋಡು,” ಎಂದ ನಿರುಪಾದಿ.

ದುರಗಪ್ಪನ ಬೆರಳು ಹಿಡಿಯ ಅಂಚಿನಲ್ಲಿ ಸಾಗಿ, ಎರಡು ಕಚ್ಚಿನ ಹತ್ತಿರ ನಿಂತಿತು.

“ಗುರುತು ನಂದ,” ಎಂದ ದುರಗಪ್ಪ. “ಅಲಗು ನಂದಲ್ಲ. ನಂದು ಕರ್ರಗ ತುಕ್ಕು ಹಿಡದಿರಬೇಕಿತ್ತು.”

“ಯಾವಾಗ ಇಟ್ಟಿ?”

ಆ ಮಠದಲ್ಲಿ ಯಾರೂ ಕೇಳಬಾರದ ಪ್ರಶ್ನೆ ಅದು. ಅಜ್ಜರು ತಡೆಯಲಿಲ್ಲ.

ಮುದುಕ ತಲೆಯೆತ್ತಿ ಅವನನ್ನೇ ನೋಡಿದ. “ನೀ ಹಂಪಣ್ಣನ ತಮ್ಮ. ನೀ ಇಲ್ಲಿ ಸೇರಿದಾಗಿಂದ ನನಗ ಗೊತ್ತೈತಿ. ಸೋಮಾರಕ್ಕೊಮ್ಮೆ ಬಂದು ಕುಂಡರ್ತೀನಿ. ಒಂದಿನ ಈ ಹುಡುಗ ಚಾಕು ನೋಡ್ಯಾನು, ಕೇಳ್ಯಾನು ಅಂತ.”

“ಈಗ ಕೇಳಾಕತ್ತೀನಲ್ಲ.”

“ಅವತ್ತ ಪೊಲೀಸರಿಗೆ ಏನ್ ಹೇಳಿದ್ನೋ ಅದನ್ನ ಹೇಳ್ತೀನಿ. ಬ್ಯಾರೆ ಮಾತಿಲ್ಲ. ನೀ ನಂಬೂದಿಲ್ಲ. ನನ್ನ ಸಾಕ್ಷಿ ಇದ್ದದ್ದು ಅದರ ಮೈಮ್ಯಾಲ.”

ಅಷ್ಟು ಹೇಳಿ ದುರಗಪ್ಪ ಅಲ್ಲೇ ನೆಲದ ಮೇಲೆ ಕೂತ. ಕಂಬಳಿ ಹೆಗಲಿನಿಂದ ಜಾರಿತು. ಮೇಲೆ ಎಳೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿದ.

ಅದು ನಿಜ ಹೇಳಿದವನ ನೆಮ್ಮದಿಯೋ, ಸುಳ್ಳು ಹೇಳಿ ದಣಿದವನ ದಣಿವೋ, ನಿರುಪಾದಿಗೆ ತಿಳಿಯಲಿಲ್ಲ. ಮೊಳೆ, ಹಿಡಿ, ಮುದ್ರೆ ಎಲ್ಲ ಓದಬಲ್ಲವನಿಗೆ ಆ ಮುಖ ಮಾತ್ರ ಓದಲಾಗಲಿಲ್ಲ. ಕೈಯಲ್ಲಿದ್ದ ಚಾಕು ಹಗುರವಾಗಿತ್ತು. ಎತ್ತಿದರೆ ತಾನೇ ಹೋಗುತ್ತದೆ ಅನ್ನುವಷ್ಟು ಹಗುರ. ಈ ಮನುಷ್ಯ ತಪ್ಪಿಲ್ಲದವನಾಗಿದ್ದರೆ, ಅದನ್ನು ತೋರಿಸಬಹುದಾಗಿದ್ದ ಒಂದೇ ಒಂದು ವಸ್ತುವನ್ನು ಬೆಳಗ್ಗೆ ತಿಕ್ಕಿ ಹಾಳು ಮಾಡಿದವನು ತಾನು ಎಂಬುದು ಆಗ ಅವನಿಗೆ ಅರ್ಥವಾಯಿತು. ಹೆದರಿಕೆಯಾಯಿತು. ದುರಗಪ್ಪನದಲ್ಲ, ತನ್ನದೇ ಕೈಯ ಹೆದರಿಕೆ.

ಅವನು ಅಲಗಿನ ಬೆನ್ನಿಗೆ ಹೆಬ್ಬೆರಳು ಒತ್ತಿದ. ಅದು ಮಡಚಿಕೊಳ್ಳಲಿಲ್ಲ. ಇನ್ನಷ್ಟು ಒತ್ತಿದ.

ಟಕ್.

ದುರಗಪ್ಪ ಬೆಚ್ಚಿ ಕಣ್ಣು ತೆರೆದ.

ನಿರುಪಾದಿ ಮಡಚಿದ ಚಾಕುವನ್ನು ತೆಗೆದುಕೊಂಡು ಹಿಂದಿನ ಕೋಣೆಯ ಕಡೆ ನಡೆದ. ಕುಡಿಕೆಯ ಮುಚ್ಚಳ ತೆಗೆಯುವಷ್ಟರಲ್ಲಿ ಅಜ್ಜರ ದನಿ ಕೇಳಿಸಿತು.

“ಅಲ್ಲಿ ಇಡಬ್ಯಾಡ.”

“ಮತ್ತ ಎಲ್ಲಿಡ್ಲ್ರಿ?”

“ನಿನ್ನ ಉಡಿಯಾಗ. ಇನ್ನ ಅದರ ಹಗೆ ನಿಂದು. ತುಕ್ಕು ಹಿಡಿದ ಮ್ಯಾಲ ತಗೊಂಡ್ ಬಾ, ಅದು ಮಲಗಿದ ವಯಸ್ಸು ಹೇಳ್ತೀನಿ.”