ಮೂರು ಕಾಲಿನವನಿಗೆ ಕೊಸರು

ಲೋಕದ ಮೊಟ್ಟಮೊದಲ ಟ್ರಾನ್ಸಿಸ್ಟರ್ ಮಾಡಿದವನು ನಾನೇ. ಸುಳ್ಳು! ಟಾರ್ಚಿಗೆ ಸೆಲ್ ಹಾಕೋದೂ ನನಗೆ ಬರಲ್ಲ. ಆದರೆ ಈ ಕೋಳಿ ಕಥೆ ನಿಜ. ಸುಮಾರಾಗಿ ನಿಜ.

ಕೆಂಚಿ ಅಂತ ಒಂದು ಕೋಳಿ. ಮರಿ ಜಾಸ್ತಿ, ರೆಕ್ಕೆ ಸಣ್ಣದು. ಅರ್ಧ ಮರಿ ರೆಕ್ಕೆಯ ಕೆಳಗೆ. ಅರ್ಧ ಮರಿ ಬಲ್ಬಿನ ಕೆಳಗೆ. ಒಂದು ಸಂಜೆ ಚಳಿ ಬಂತು. ಬಲ್ಬು ಮಂಕಾಯ್ತು. ಬಿಸಿ ಹೋಯ್ತು. ಮರಿ ನಡುಗಿದವು.

ಕೆಂಚಿ ಬಲ್ಬಿನ ಹತ್ತಿರ ಹೋದಳು.

"ಬಲ್ಬೇ, ಬಲ್ಬೇ, ಚೆನ್ನಾಗಿ ಉರಿಯಪ್ಪ. ನೀನು ಉರಿದರೆ ಮರಿ ಬೆಚ್ಚಗಾಗ್ತವೆ."

"ಆಗಲ್ಲ ಕೆಂಚಕ್ಕ. ಕರೆಂಟು ಸಾಲ್ತಿಲ್ಲ. ಟ್ರಾನ್ಸಿಸ್ಟರಣ್ಣನ್ನ ಕೇಳು. ಕರೆಂಟಿನ ಬಾಗಿಲು ಕಾಯೋನು ಅವನೇ."

ಉಸ್ಸಪ್ಪಾ! ಕೆಂಚಿ ನಡೆದಳು. ಮೂರು ಕಾಲಿನ ಟ್ರಾನ್ಸಿಸ್ಟರಣ್ಣನ ಹತ್ತಿರ ಹೋದಳು.

"ಅಣ್ಣಾ, ಅಣ್ಣಾ, ಬಾಗಿಲು ಪೂರ್ತಿ ತೆಗಿ. ಬಾಗಿಲು ತೆಗೆದರೆ ಬಲ್ಬು ಉರಿಯತ್ತೆ. ಬಲ್ಬು ಉರಿದರೆ ಮರಿ ಬೆಚ್ಚಗಾಗ್ತವೆ."

"ಆಗಲ್ಲ ಕೆಂಚಕ್ಕ. ಅರ್ಧ ಬಾಗಿಲು ಹಿಡ್ಕೊಂಡು ನಿಂತು ನಿಂತು ಮೈಯೆಲ್ಲ ಸೋತುಹೋಗಿದೆ. ನನ್ನ ನಡುಗಾಲಿಗೆ, ಅಂದ್ರೆ ಮೂರರಲ್ಲಿ ಮಧ್ಯದ ಕಾಲಿಗೆ, ಒಂದು ಹನಿ ಕರೆಂಟು ಬಂದರೆ ಬಲ್ಬಿಗೆ ನೂರು ಹನಿ ಬಿಡ್ತೀನಿ. ಚಳೀಲಿ ಒಂದು ಹನಿಗೆ ನೂರು ಬಿಡೋಕಾಗಲ್ಲ. ನಡುಗಾಲಿಗೆ ಇನ್ನೂ ಬೇಕು. ಅಲ್ಲಿಗೆ ಬರೋ ಕರೆಂಟನ್ನ ಬಿಗಿ ಹಿಡಿಯೋನು ರೆಸಿಸ್ಟರ್ ತಾತ, ಅವನ್ನ ಕೇಳು."

ಉಸ್ಸಪ್ಪಾ! ಕೆಂಚಿ ನಡೆದಳು. ಹೊಟ್ಟೆ ಮೇಲೆ ಬಣ್ಣದ ಪಟ್ಟೆಯ ರೆಸಿಸ್ಟರ್ ತಾತನ ಹತ್ತಿರ ಹೋದಳು.

"ತಾತಾ, ತಾತಾ, ಬಿಗಿ ಸಡಿಲಿಸು. ಬಿಗಿ ಸಡಿಲಿಸಿದರೆ ನಡುಗಾಲು ತುಂಬತ್ತೆ. ನಡುಗಾಲು ತುಂಬಿದರೆ ಬಾಗಿಲು ತೆರೆಯತ್ತೆ. ಬಾಗಿಲು ತೆರೆದರೆ ಬಲ್ಬು ಉರಿಯತ್ತೆ. ಬಲ್ಬು ಉರಿದರೆ ಮರಿ ಬೆಚ್ಚಗಾಗ್ತವೆ."

"ಆಗಲ್ಲ ಮಗಳೇ. ನಾನು ಹುಟ್ಟಿದ್ದೇ ಇಷ್ಟು ಬಿಗಿ. ನನ್ನ ಇಲ್ಲಿ ಕೂರಿಸಿದ್ದು ರೇಡಿಯೋ ರಿಪೇರಿ ದಾವಲ್‌ಸಾಬ. ಅವನ್ನ ಕೇಳು."

ಉಸ್ಸಪ್ಪಾ! ಕೆಂಚಿ ಕಾಲೆಳೆದುಕೊಂಡು ನಡೆದಳು. ದಾವಲ್‌ಸಾಬ ಆಗ ತಾನೇ ಅಂಗಡಿ ಮುಚ್ಚಿ ಕಾಲು ಚಾಚಿದ್ದ.

"ಸಾಬಣ್ಣಾ, ಸಾಬಣ್ಣಾ, ತಾತನ್ನ ಬದಲಾಯಿಸು. ತಾತ ಬದಲಾದರೆ ನಡುಗಾಲು ತುಂಬತ್ತೆ. ನಡುಗಾಲು ತುಂಬಿದರೆ ಬಾಗಿಲು ತೆರೆಯತ್ತೆ. ಬಾಗಿಲು ತೆರೆದರೆ ಬಲ್ಬು ಉರಿಯತ್ತೆ. ಬಲ್ಬು ಉರಿದರೆ ಮರಿ ಬೆಚ್ಚಗಾಗ್ತವೆ."

"ಹೋಗೇ, ನನ್ನ ಲೆಕ್ಕ ಸರಿ ಇದೆ! ಬಲ್ಬಿಗೆ ಬೇಕಾದ್ದು ನೂರು ಹನಿ. ನಡುಗಾಲಿಗೆ ಕೊಟ್ಟಿದ್ದು ಒಂದು ಹನಿ. ಸರಿಯಾಯ್ತಲ್ಲ?"

"ಸಂತೇಲಿ ಬದನೆಕಾಯಿ ತೂಗಿದ ಮೇಲೆ, 'ಕೊಸರು ಹಾಕು, ಇನ್ನೆರಡು ಹಾಕು' ಅಂತ ಜಗಳ ಆಡ್ತೀಯಲ್ಲ, ಸಾಬಣ್ಣ. ಆ ಮೂರು ಕಾಲಿನವನಿಗೆ ಕೊಸರು ಹಾಕಿದ್ಯಾ?"

ದಾವಲ್‌ಸಾಬ ತಲೆ ಕೆರೆದುಕೊಂಡ.

"ಇಲ್ಲ ಕಣೇ! ಆದರೆ ಬಕೆಟ್ಟುಗಟ್ಟಲೆ ಸುರಿದರೆ ಸುಟ್ಟೋಗ್ತಾನೆ. ಕೊಸರು ಅಷ್ಟೇ."

ಸೊಂಟ ಹಿಡ್ಕೊಂಡು ಎದ್ದ. ಬಿಗಿ ತಾತನ್ನ ತೆಗೆದ. ಸ್ವಲ್ಪ ಸಡಿಲ ತಾತನ್ನ ಕೂರಿಸಿದ.

ತಾತ ಬದಲಾದ. ನಡುಗಾಲು ತುಂಬಿತು. ಬಾಗಿಲು ಪೂರ್ತಿ ತೆರೆಯಿತು. ಬಲ್ಬು ಉರಿಯಿತು. ಮರಿ ಬೆಚ್ಚಗಾದವು. ಕೆಂಚಿ? ನಿಂತಲ್ಲೇ ನಿದ್ದೆ.

ನನಗೂ ಸಾಕಾಯ್ತು, ಮಕ್ಕಳಾ. ಚಹಾ ಕುಡಿದಾಗಿದೆ, ಜೇಬು ಖಾಲಿ. ಪುಟ್ಟಾ, ನಿಮ್ಮಪ್ಪನ್ನ ಸ್ವಲ್ಪ ಕರಿ, ಚಹಾದ ದುಡ್ಡು ಕೊಡಲಿ.