ಅಳುಮುಖದ ಫೋಟೋ

ಕೋಲೆ ಬಸವನ ಜೊತೆ ಪೇಟೆಬೀದಿಯಲ್ಲಿ ನಾಗಸ್ವರ ಊದುತ್ತಿದ್ದ ತಿಮ್ಮರಾಯಪ್ಪನನ್ನು ಒಬ್ಬ ಫೋಟೋಗ್ರಾಫರ್ ಅಡ್ಡಗಟ್ಟಿದ. "ಏಯ್, ವಾಚು ಬಿಚ್ಚು, ಚಪ್ಪಲಿ ತೆಗಿ, ಅಳುಮುಖ ಮಾಡು. ಈ ಫೋಟೋಗೆ ಬಹುಮಾನ ಬರಬೇಕು!"

ಬಾಯಿತುಂಬ ನಗೋದು ತಿಮ್ಮರಾಯಪ್ಪನ ಹುಟ್ಟುಗುಣ. "ನಮ್ಮ ಬಸವಣ್ಣನ್ನ ಒಂದು ಮಾತು ಕೇಳ್ತೀನಿ ಸ್ವಾಮಿ" ಅಂದವನೇ ನಾಗಸ್ವರ ಊದಿ, ಎತ್ತಿನ ಹಗ್ಗ ಮೆಲ್ಲಗೆ ಜಗ್ಗಿದ. "ಏನಪ್ಪಾ, ನಾನು ಅಳಲಾ?"

ಎತ್ತು ಅಡ್ಡಡ್ಡ ತಲೆ ಆಡಿಸಿತು.

"ಹಂಗಾದ್ರೆ ನಗಲಾ?"

ಹೂಂ ಅನ್ನೋ ಹಾಗೆ ಗೋಣು ಹಾಕಿತು. ನೆರೆದಿದ್ದ ಜನ ಗೊಳ್ಳೆಂದರು.

ಫೋಟೋಗ್ರಾಫರ್ ಮುಖ ಕೆಂಪಾಯಿತು. "ನಂಗೇನು ತಿಳಿಯಲ್ವಾ? ನೀನು ಹೇಳಿದ್ದಕ್ಕೆಲ್ಲ ಅದು ತಲೆ ಆಡಿಸುತ್ತೆ!"

ತಿಮ್ಮರಾಯಪ್ಪ ಕೈಯ ವಾಚು ಸರಿಮಾಡಿಕೊಂಡ. "ಹೌದು ಸ್ವಾಮಿ. ಹೇಳಿದ್ದಕ್ಕೆಲ್ಲ ತಲೆ ಆಡಿಸೋನು ನಮ್ಮಿಬ್ಬರಲ್ಲಿ ಅವನೊಬ್ಬನೇ."