ಚಿಕ್ಕ ಶಿಖರ ಬೆಳೆದ ಬಗೆ

“ಗುರುಗಳೇ, ಹೊಸದಾಗಿ ಬಂದ ಕಾತ್ಯಾಯಿನಿಯನ್ನು ಉಳಿಸಿಕೊಳ್ಳಬೇಕೇ, ಕಳುಹಿಸಿಬಿಡಬೇಕೇ?” ಎಂದು ಹಿರಿಯ ಶಿಷ್ಯೆ ಕೇಳಿದಳು. “ದಿನವೂ ಅವಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದೇನೆ. ಒಂದು ತಪ್ಪೂ ಬಿಟ್ಟುಹೋಗಬಾರದೆಂದು ಈಗ ಎದುರಿಗೇ ಕೂರುತ್ತೇನೆ. ಎಷ್ಟು ಗಮನವಿಟ್ಟು ಕೇಳುತ್ತೇನೋ ಅಷ್ಟು ತಪ್ಪುಗಳು ಸಿಗುತ್ತಿವೆ.”

ಗುರುಗಳು ಹೇಳಿದರು:

ಒಬ್ಬ ಕುಶಲಕರ್ಮಿ ಕುಲುಮೆಯಲ್ಲಿ ಇಂಗಾಲದ ಕೊಳವೆಗಳನ್ನು ಬೆಳೆಸುತ್ತಿದ್ದ. ಅವು ಕೂದಲಿಗಿಂತ ಸಾವಿರಾರು ಪಾಲು ತೆಳು. ಆರು ವರ್ಷಗಳ ಬಳಿಕ, ಪರಮಾಣುಗಳ ಹೆಣಿಗೆಯಲ್ಲಿ ಹರಕಿಲ್ಲದ ಕೊಳವೆಗಳು ಬಂದಿವೆ ಎಂದು ಅವನಿಗೆ ತೋರಿತು. ಅವನ್ನು ಒಬ್ಬ ಪರೀಕ್ಷಕನ ಬಳಿ ತಂದ. ಅವು ಕೆಟ್ಟವೆಂದು ಪರೀಕ್ಷಕ ಹೇಳಿದರೆ ಕುಲುಮೆಯನ್ನು ಆರಿಸಿಬಿಡಬೇಕಾಗಿತ್ತು.

ಪರೀಕ್ಷಕ ರಾಮನ್ ವಿಧಾನ ಬಲ್ಲವನು. ಕೊಳವೆಗಳ ಮೇಲೆ ಲೇಸರ್ ಬೆಳಕು ಬಿಡುತ್ತಿದ್ದ. ಚದುರಿ ಬರುವ ಬೆಳಕು ಎಷ್ಟು ಬಣ್ಣ ಬದಲಿಸಿತೆಂದು ಯಂತ್ರ ಗೆರೆ ಎಳೆಯುತ್ತಿತ್ತು. ಆ ಗೆರೆಯಲ್ಲಿ ದೊಡ್ಡ ಶಿಖರವೆಂದರೆ ಗಟ್ಟಿ ಹೆಣಿಗೆ. ಪಕ್ಕದ ಚಿಕ್ಕ ಶಿಖರವೆಂದರೆ ದೋಷ.

ಮೊದಲು ಮಂದ ಬೆಳಕು ಬಿಟ್ಟ. ದೊಡ್ಡ ಶಿಖರ ನೆಟ್ಟಗೆ ಎದ್ದಿತು. ಚಿಕ್ಕದು ಇದೆಯೋ ಇಲ್ಲವೋ ಎನ್ನುವಷ್ಟು. ಅನುಮಾನ ಉಳಿಯಬಾರದೆಂದು ಬೆಳಕು ಹೆಚ್ಚಿಸಿದ. ಚಿಕ್ಕ ಶಿಖರ ಬೆಳೆಯಿತು. “ಸಿಕ್ಕಿತು, ಅಡಗಿ ಕೂತಿತ್ತು ನೋಡು” ಎಂದು ಕುರ್ಚಿ ಬಿಟ್ಟು ಎದ್ದ. ಇನ್ನೂ ಹೆಚ್ಚಿಸಿದ. ಅದು ದೊಡ್ಡದರ ಅರ್ಧಕ್ಕೆ ಬಂತು. ಪಕ್ಕದ ಕೋಣೆಯವರನ್ನು ಕೂಗಿ ಕರೆದ. ಊಟ ಮರೆತ. ಪ್ರತಿ ಗೆರೆಗೂ ಅವನ ಸಂಭ್ರಮ ಏರುತ್ತಲೇ ಹೋಯಿತು. ಕೊನೆಗೆ ‘ಕೆಟ್ಟವು’ ಎಂದು ಬರೆಯಲು ಕಾಗದ ಎಳೆದುಕೊಂಡ.

“ಸ್ವಾಮಿ, ಬರೆಯುವ ಮೊದಲು ಕೊಳವೆಗಳಲ್ಲಿ ಇನ್ನೂ ಬೆಳಕು ತಾಗದ ಪಕ್ಕದ ಜಾಗವನ್ನು ಮೊದಲಿನ ಮಂದ ಬೆಳಕಿನಲ್ಲಿ ಒಮ್ಮೆ ನೋಡುವಿರಾ?” ಎಂದ ಕುಶಲಕರ್ಮಿ.

“ಮಬ್ಬಿನಲ್ಲಿ ನುಸುಳಿಕೊಂಡು ಹೋಗೋಣವೆಂದೋ?” ಎಂದು ನಗುತ್ತಲೇ ಪರೀಕ್ಷಕ ನೋಡಿದ.

ಪಕ್ಕದ ಜಾಗದಲ್ಲಿ ಚಿಕ್ಕ ಶಿಖರ ಇಲ್ಲವೆನ್ನುವಷ್ಟೇ ಇತ್ತು. ಅದೇ ಮಂದ ಬೆಳಕನ್ನು ಮೊದಲಿನ ಜಾಗಕ್ಕೆ ತಂದ. ಅಲ್ಲಿ ಚಿಕ್ಕ ಶಿಖರ ಬೆಳೆದ ಎತ್ತರದಲ್ಲೇ ನಿಂತಿತ್ತು. ತೀಕ್ಷ್ಣ ಬೆಳಕಿನ ಬಿಸಿಗೆ ಅಲ್ಲಿಯ ಹೆಣಿಗೆ ಸುಟ್ಟು ಹರಿದುಹೋಗಿತ್ತು. ಪರೀಕ್ಷಕನ ನಗು ನಿಂತಿತು. ಕಾಗದವನ್ನು ಮಡಿಚಿ ಪಕ್ಕಕ್ಕಿಟ್ಟ. ಕುಲುಮೆ ಉರಿಯುತ್ತಲೇ ಉಳಿಯಿತು.

“ಹಾಗಾದರೆ ಅವನು ಕಂಡ ದೋಷ ಸುಳ್ಳೇ?” ಎಂದು ಶಿಷ್ಯೆ ಆತುರದಿಂದ ಕೇಳಿದಳು.

“ದೋಷ ನಿಜ. ಅದನ್ನು ಮಾಡಿದ್ದು ಬೆಳಕು. ನೀನು ಎದುರಿಗೆ ಕೂರುವ ಮೊದಲು ಕಾತ್ಯಾಯಿನಿ ಎಷ್ಟು ಕಡೆ ತಪ್ಪುತ್ತಿದ್ದಳು?” ಎಂದರು ಗುರುಗಳು.

ಮರುದಿನ ಶಿಷ್ಯೆ ಕಾತ್ಯಾಯಿನಿಯ ಎದುರಿಗೆ ಕೂರದೆ, ದೂರದಿಂದಲೇ ಪಾಠ ಒಪ್ಪಿಸಿಕೊಂಡಳು.